ನಮ್ಮ ಲೆಕ್ಕ ಬರೆಯೋರು ಯಾರು?

(ತಾಲ್ಲೂಕು ಯುವಕರ ಶಿಬಿರದಲ್ಲಿ ಆಡಿದ ಮಾತು)



ನಾವು ಬಿ.ಎ. ಓದಿದ, ನಾಲ್ಕು ಪದ್ಯ ಬರೆದ ಹುಡುಗರು. ದೊಡ್ಡ ಭಾಷಣ ನಮಗೆ ಬರೋದಿಲ್ಲ. ಒಂದು ನಾಚಿಕೆಯ ಸಂಗತಿ ಹೇಳಿಕೊಂಡು ಶುರು ಮಾಡ್ತೀವಿ.

ಈಚೆಗೆ ನಮ್ಮ ಕೇರಿಯ ಒಬ್ಬ ಅಜ್ಜನ ಜೊತೆ ಠಾಣೆಗೆ ಹೋಗಿದ್ವಿ. ಜಗುಲಿ ಮೇಲೆ ಕೂತಿದ್ದಕ್ಕೆ ಅಜ್ಜನನ್ನ ಜಾತಿ ಹಿಡಿದು ಬೈದು ಹೊಡೆದಿದ್ದರು. ಆ ಬೈಗುಳವನ್ನ ಅಜ್ಜ ಇದ್ದದ್ದು ಇದ್ದ ಹಾಗೇ ಹೇಳಿದ. ಬರೆದುಕೊಂಡವರು ‘ಕ್ಷುಲ್ಲಕ ಕಾರಣಕ್ಕೆ ಜಗಳ’ ಅಂತ ಬರೆದರು. ಅಜ್ಜ ಹೆಬ್ಬೆಟ್ಟು ಒತ್ತಿದ. ಓದು ಬಲ್ಲ ನಾವು ಪಕ್ಕದಲ್ಲೇ ನಿಂತಿದ್ವಿ. ಏನು ಬರೆದಿರಿ, ಓದಿ ಹೇಳಿ ಅಂತ ಕೇಳಲಿಲ್ಲ. ಹೊರಗೆ ಬಂದ ಮೇಲೆ ಗೊತ್ತಾಯ್ತು.

ಈ ದೇಶಕ್ಕೆ ಲೆಕ್ಕ ಬರೆಯೋದು ಬರೋದಿಲ್ಲ ಅಂತಲ್ಲ. 1953ರಿಂದ ಅಪರಾಧಗಳ ಪುಸ್ತಕ ತರ್ತಾ ಇದೆ. 2023ನೇ ಇಸವಿಯ ಪುಸ್ತಕದಲ್ಲಿ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧ 57,789. ದಿನಕ್ಕೆ ನೂರೈವತ್ತಕ್ಕೂ ಹೆಚ್ಚು. ಆದರೆ ಇದು ನಡೆದದ್ದರ ಲೆಕ್ಕವಲ್ಲ, ಬರೆದುಕೊಂಡದ್ದರ ಲೆಕ್ಕ. ಅಜ್ಜನ ಪೆಟ್ಟಿನಂಥವು ಅದರಲ್ಲಿ ಸೇರೋದಿಲ್ಲ. ಅಂಕಿ ಕಮ್ಮಿ ಇರೋ ಊರಲ್ಲಿ ಶಾಂತಿ ಇದೆ ಅಂತ ತಿಳಿಯಬೇಡಿ. ಅಲ್ಲಿ ಬಾಯಿ ಕಟ್ಟಿರಬಹುದು.

2017ರಲ್ಲಿ ಗುಂಪುಗೂಡಿ ಹೊಡೆದು ಕೊಲ್ಲೋದು, ದ್ವೇಷದ ಅಪರಾಧ, ಇವುಗಳ ಲೆಕ್ಕ ಬೇರೆಯಾಗಿ ಕೂಡಿಹಾಕಿದರು. ಆಮೇಲೆ ಈ ಅಂಕಿ ನಂಬೋ ಹಾಗಿಲ್ಲ ಅಂತ ನಿಲ್ಲಿಸಿದರು. ಸರ್ಕಾರವೇ ಪಾರ್ಲಿಮೆಂಟಿನಲ್ಲಿ ಹೇಳಿದ ಮಾತಿದು. ತಕ್ಕಡಿ ಸರಿಯಿಲ್ಲದಿದ್ರೆ ತಕ್ಕಡಿ ಸರಿಮಾಡಬೇಕು. ಇವರು ತೂಗೋದನ್ನೇ ಬಿಟ್ಟರು.

ಕಾನೂನು ಇದೆಯಲ್ಲ ಅಂತೀರಿ. ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ 1990ರ ಜನವರಿ 30ರಿಂದ ಜಾರಿಗೆ ಬಂತು. ಆದರೆ ಕೊಲೆಯಂಥ ದೊಡ್ಡ ಅಪರಾಧದಲ್ಲಿ, ಸತ್ತವನು ಪರಿಶಿಷ್ಟ ‘ಎಂಬ ಕಾರಣಕ್ಕೆ’ ಕೊಂದರು ಅಂತ ರುಜುವಾತಾಗಬೇಕಿತ್ತು. ಕೊಂದವನ ಎದೆಯೊಳಗಿರೋದನ್ನ ತೆಗೆದು ತೋರಿಸೋದು ಹೇಗೆ? ಖೈರ್ಲಾಂಜಿಯಲ್ಲಿ 2006ರಲ್ಲಿ ಒಂದೇ ಮನೆಯ ನಾಲ್ವರನ್ನ ಕೊಂದರು. ಕೊಲೆ ಅಂತ ಶಿಕ್ಷೆ ಆಯ್ತು. ಜಾತಿ ದೌರ್ಜನ್ಯ ಅಂತ ಕೋರ್ಟು ಒಪ್ಪಲಿಲ್ಲ. 2016ರಲ್ಲಿ ತಿದ್ದುಪಡಿ ಜಾರಿಯಾಗಿ, ಪರಿಶಿಷ್ಟ ‘ಎಂದು ತಿಳಿದೂ’ ಮಾಡಿದರೆ ಸಾಕು ಅಂತಾಯ್ತು. ಒಂದು ಮಾತು ಬದಲಾಗೋಕೆ ಇಪ್ಪತ್ತಾರು ವರ್ಷ!

ಬರೆದುಕೊಂಡ ಮೇಲಾದರೂ ಏನಾಗುತ್ತೆ? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. ಸಾಕ್ಷಿಗಳು ತಿರುಗಿಬಿದ್ದರು ಅಂದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನ ತಾವೇ ಸುಟ್ಟುಕೊಂಡರಾ? ಸಾಕ್ಷಿಯನ್ನ ಬೈಯೋ ಮೊದಲು ಯೋಚಿಸಿ. ಅವನಿಗೆ ಕೂಲಿ ಯಾರ ಹೊಲದಲ್ಲಿ? ನೀರಿಗೆ ಹೋಗೋ ದಾರಿ ಯಾರ ಮನೆ ಮುಂದೆ? ವರ್ಷಗಟ್ಟಲೆ ಕಾಯಿಸೋದೂ ಒಂದು ಬೆದರಿಕೆಯೇ.

ಮರಕುಂಬಿಯಲ್ಲಿ 2014ರಲ್ಲಿ ಗುಡಿಸಲು ಸುಟ್ಟರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹತ್ತು ವರ್ಷವಾದರೂ ನ್ಯಾಯ ಕೇಳೋರು ಕೇಳ್ತಾನೇ ಇದ್ದರೆ ಇಷ್ಟಾದರೂ ಆಗುತ್ತೆ. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಅವರ ಪೈಕಿ ಬಹುಪಾಲು ಜನಕ್ಕೆ ಜಾಮೀನು ಸಿಕ್ಕಿತು. ತೀರ್ಪಿನ ದಿನ ತಮಟೆ ಬಡಿದು ಮನೆಗೆ ಹೋದರೆ ಸಾಲದು.

ಅದಕ್ಕೇ ನಮ್ಮ ಕೆಲಸ ಇಷ್ಟು. ಕೇರಿಗೊಂದು ನೋಟುಬುಕ್ ಇಡೋಣ. ದಿನ, ಹೊತ್ತು, ಜಾಗ, ಆಡಿದ ಮಾತು, ಕಂಡವರ ಹೆಸರು ಅವತ್ತೇ ಬರೆಯೋಣ. ಹೇಳಿದ್ದನ್ನ ಬರೆದುಕೊಂಡು, ಓದಿ ಹೇಳಿ, ಆಮೇಲೆ ರುಜು ಹಾಕಿಸಿಕೊಂಡು, ಪ್ರತಿ ಕೊಡೋದು ಕಾಯ್ದೆಯ 4ನೇ ಕಲಮಿನ ಪ್ರಕಾರ ಅಧಿಕಾರಿಯ ಕರ್ತವ್ಯ. ಬೇಕೆಂದೇ ಬಿಟ್ಟರೆ ಆರು ತಿಂಗಳಿಂದ ಒಂದು ವರ್ಷ ಜೈಲು. ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಸೇರಿತಾ ಅಂತ ಹೋಗಿ ಕೇಳೋಣ. ಸಾಕ್ಷಿ ಕೋರ್ಟಿಗೆ ಹೋಗೋ ದಿನ ಒಬ್ಬನನ್ನೇ ಬಸ್ಸು ಹತ್ತಿಸಬೇಡಿ. ಹತ್ತು ಜನ ಜೊತೆಗೆ ಹೋಗೋಣ.

ಅಜ್ಜನ ದೂರನ್ನ ಮತ್ತೆ ಬರೆದು ಎಸ್.ಪಿ.ಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೀವಿ. ಆ ಬೈಗುಳವನ್ನ ಒಂದಕ್ಷರ ಬಿಡದೆ ಬರೆದಿದ್ದೀವಿ. ಈ ಸಲ ಪೂರ್ತಿ ಓದಿ ಹೇಳಿದ ಮೇಲೇ ಅಜ್ಜ ಹೆಬ್ಬೆಟ್ಟು ಒತ್ತಿದ.

ಜೈ ಭೀಮ್.