ನಿವೇಶನ ಕೊಳ್ಳುವವರಿಗೆ ದಲ್ಲಾಳಿಯ ಪರವಾನಿಗೆ ಬೇಕೆ?
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹತ್ತಿಯ ವ್ಯಾಪಾರಕ್ಕೆ ಹೆಸರಾದ ಈ ಆದವಾನಿಯಲ್ಲಿ ದಲ್ಲಾಳಿ ಎಂಬ ಮಾತು ಯಾರಿಗೂ ಹೊಸದಲ್ಲ. ಆದರೆ ನಿವೇಶನದ ದಲ್ಲಾಳಿಯೂ ಸರ್ಕಾರದಲ್ಲಿ ನೋಂದಣಿಯಾಗಬೇಕೆಂಬುದು, ‘ರೇರಾ’ ಎಂದು ಜನ ಕರೆಯುವ 2016ರ ಕಾಯಿದೆಯಿಂದ ಬಂದ ಕಟ್ಟಳೆ. ನಾಲ್ಕು ಕಾಸು ಕೂಡಿಸಿದ ನಮ್ಮ ತರುಣರು ಕೇಳುವುದುಂಟು: “ಆ ಪರವಾನಿಗೆಯನ್ನು ನಾವೇ ಪಡೆದರೆ ಭೂಮಿಯಲ್ಲಿ ಹೂಡಿದ ಹಣಕ್ಕೆ ಲಾಭವಲ್ಲವೇ?”

ಮೊದಲು ಕಾಯಿದೆಯನ್ನು ತಿಳಿಯೋಣ. ನೋಂದಾಯಿತ ಬಡಾವಣೆಯ ನಿವೇಶನವನ್ನು ಇತರರಿಗೆ ಕೊಡಿಸುವವನಿಗೆ ನೋಂದಣಿ ಬೇಕು. ತಪ್ಪಿದರೆ ದಿನವೊಂದಕ್ಕೆ 10,000 ರೂಪಾಯಿಯಂತೆ, ಆ ಸ್ವತ್ತಿನ ಬೆಲೆಯಲ್ಲಿ ನೂರಕ್ಕೆ 5ರವರೆಗೆ ದಂಡ ಬೀಳಬಹುದು. ತನಗಾಗಿ ಒಂದು ನಿವೇಶನ ಕೊಳ್ಳುವ ಗೃಹಸ್ಥನಿಗೆ ಇದು ಬೇಕಿಲ್ಲ. ಆದರೆ 500 ಚದರ ಮೀಟರಿಗೆ ಮೀರಿದ ತನ್ನ ನೆಲವನ್ನೇ ನಿವೇಶನಗಳಾಗಿ ವಿಂಗಡಿಸಿ ಮಾರಹೊರಟವನು ಆ ಯೋಜನೆಯನ್ನೇ ನೋಂದಾಯಿಸಬೇಕು. ದಲ್ಲಾಳಿಯ ಪರವಾನಿಗೆ ಅಲ್ಲಿ ಸಾಲದು.

ದಲ್ಲಾಳಿತನವನ್ನೇ ಜೀವನೋಪಾಯವಾಗಿ ಹಿಡಿದವನಿಗೆ ಪರವಾನಿಗೆಯಿಂದ ಪ್ರಯೋಜನವುಂಟು. ಪೇಟೆಯ ಧಾರಣೆ ಅವನಿಗೆ ಬೇಗ ತಿಳಿಯುತ್ತದೆ. ಆದರೆ ನಂಬಿ ಬಂದವರಿಗೆ ತೋರಿಸಬೇಕಾದ ಒಳ್ಳೆಯ ನಿವೇಶನವನ್ನು ತಾನೇ ಬಾಚಿಕೊಂಡರೆ ಹಣ ಉಳಿದೀತು, ಹೆಸರು ಉಳಿಯದು.

ಇನ್ನೊಂದು ಮಾತನ್ನು ಮರೆಯಬಾರದು. ಪರವಾನಿಗೆಯು ಭೂಮಿಯ ಹಕ್ಕನ್ನು ಶುದ್ಧಗೊಳಿಸುವುದಿಲ್ಲ. ಅಣ್ಣತಮ್ಮಂದಿರ ಪಾಲು ತೀರಿದೆಯೇ, ಅಡವಿನ ಸಾಲ ಉಳಿದಿದೆಯೇ ಎಂಬುದನ್ನು ಹೇಳುವವು ಕಾಗದಪತ್ರಗಳೇ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಜ್ಜಂದಿರು ಕನ್ನಡದಲ್ಲಿ ಬರೆಯಿಸಿದ ವಿಭಾಗಪತ್ರ ಪೆಟ್ಟಿಗೆಯಲ್ಲಿದ್ದರೆ, ಇಂದಿನ ಅಡಂಗಲು ತೆಲುಗಿನಲ್ಲಿದೆ. ಒಂದನ್ನು ಓದಬಲ್ಲವನು ಇನ್ನೊಂದನ್ನು ಓದಲಾರದೆ ಹೋದರೆ, ಮೂರನೆಯವನು ಹೇಳಿದ್ದೇ ವೇದವಾಗುತ್ತದೆ. ಮೋಸಕ್ಕೆ ಬಾಗಿಲು ತೆರೆಯುವುದು ಅಲ್ಲಿಯೇ.

ಆದಕಾರಣ ನಮ್ಮ ವಿನಂತಿಯಿಷ್ಟೆ. ಬಡಾವಣೆಯಲ್ಲಿ ಕೊಳ್ಳುವಾಗ ದಲ್ಲಾಳಿಯ ನೋಂದಣಿ ಸಂಖ್ಯೆಯನ್ನೂ ಬಡಾವಣೆಯ ನೋಂದಣಿ ಸಂಖ್ಯೆಯನ್ನೂ ಕೇಳಿರಿ. ಮುಂಗಡ ಕೊಡುವ ಮುನ್ನ ಋಣಭಾರ ಪತ್ರವನ್ನು ತೆಗೆಸಿ, ಬಲ್ಲ ವಕೀಲರಿಗೆ ತೋರಿಸಿರಿ. ಮಕ್ಕಳಿಗೆ ಕನ್ನಡವನ್ನೂ ತೆಲುಗನ್ನೂ ಚೆನ್ನಾಗಿ ಕಲಿಸಿರಿ. ದಲ್ಲಾಳಿಯ ಪರವಾನಿಗೆ ಕೆಲವರಿಗೆ ಸಾಕು; ಕಾಗದ ಓದುವ ಶಕ್ತಿ ಮಾತ್ರ ಮನೆಮನೆಗೂ ಬೇಕು.