ಹಳೆಯ ಫೋನು ಮತ್ತು ಆಪತ್ತಿನ ಕರೆ

ಆಪತ್ತಿಗಾದವನೇ ನೆಂಟ ಎಂಬ ಗಾದೆ ನಿಮಗೆಲ್ಲ ತಿಳಿದದ್ದೇ. ಮದುವೆಗೆ ಮುಂಜಿಗೆ ಬಂದು ಉಂಡು ಹೋಗುವ ನೆಂಟರು ಹಲವರು. ನಡುರಾತ್ರಿಯಲ್ಲಿ ಕದ ತಟ್ಟಿದರೆ ಎದ್ದು ಬರುವವನು ಒಬ್ಬ. ಈ ಗಾದೆಯನ್ನು ಮನುಷ್ಯರಿಗೆ ಮಾತ್ರವಲ್ಲ, ನಮ್ಮ ಜೇಬಿನಲ್ಲಿರುವ ಫೋನಿಗೂ ಅನ್ವಯಿಸಿ ನೋಡಬೇಕಾದ ಕಾಲ ಬಂದಿದೆ. ದಿನವೂ ಮಗಳ ದನಿಯನ್ನು ಕೇಳಿಸುವ ಫೋನು ಎದೆನೋವು ಬಂದ ಹೊತ್ತಿನಲ್ಲಿ ಆಂಬುಲೆನ್ಸನ್ನು ಕರೆಯಲಾರದೆ ಹೋದರೆ ಗತಿಯೇನು? ಇದು ಊಹೆಯ ಮಾತಲ್ಲ, ಆಸ್ಟ್ರೇಲಿಯದಲ್ಲಿ ನಡೆದದ್ದು. ಅಲ್ಲಿಯ ಸಂಗತಿ ನಮಗೇಕೆ ಎನ್ನಬೇಡಿ. ಸಿಡ್ನಿ, ಮೆಲ್ಬರ್ನ್ ನಗರಗಳಲ್ಲಿ ಕನ್ನಡದ ಮನೆಗಳು ಎಷ್ಟೋ ಇವೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಇಲ್ಲಿಂದ ಹೋಗುವ ತಂದೆತಾಯಿಗಳು ಇಲ್ಲಿ ಕೊಂಡ ಫೋನನ್ನೇ ಕೈಯಲ್ಲಿ ಹಿಡಿದು ಹೋಗುತ್ತಾರೆ.

ಮೊದಲು ಈ ಯಂತ್ರದ ಒಳಗುಟ್ಟನ್ನು ತುಸು ತಿಳಿಯೋಣ. ಮೊಬೈಲ್ ಜಾಲಗಳನ್ನು ತಲೆಮಾರುಗಳಾಗಿ ಎಣಿಸುವುದು ರೂಢಿ. ಎರಡನೆಯದು 2ಜಿ, ಮೂರನೆಯದು 3ಜಿ, ನಾಲ್ಕನೆಯದು 4ಜಿ. ಮೊದಲೆರಡರಲ್ಲಿ ಮಾತಿಗೆಂದೇ ಪ್ರತ್ಯೇಕವಾದ ದಾರಿ ಇತ್ತು. 4ಜಿಯಾದರೋ ಚಿತ್ರ, ಬರಹ, ಲೆಕ್ಕಪತ್ರ ಮೊದಲಾದ ಮಾಹಿತಿಯನ್ನು ವೇಗವಾಗಿ ಸಾಗಿಸಲು ಹುಟ್ಟಿದ್ದು. ಆದುದರಿಂದ ಆರಂಭದ 4ಜಿ ಫೋನುಗಳು ಕರೆ ಬಂದೊಡನೆ ಕೆಳಗಿನ ಜಾಲಕ್ಕೆ ಇಳಿಯುತ್ತಿದ್ದವು. ಮಾತು ಮುಗಿದ ಮೇಲೆ ಮತ್ತೆ ಏರುತ್ತಿದ್ದವು. ಮಹಡಿಯಲ್ಲಿ ಓದುತ್ತ ಕುಳಿತವನು, ಬಂದವರನ್ನು ಮಾತನಾಡಿಸಲು ಮೆಟ್ಟಿಲಿಳಿದು ಪಡಸಾಲೆಗೆ ಬಂದಂತೆ. ಆಮೇಲೆ ಮಹಡಿಯಿಂದಲೇ ಮಾತನಾಡುವ ಉಪಾಯ ಬಂದಿತು. ಅದಕ್ಕೆ ವೋಎಲ್‌ಟಿಇ ಎಂದು ಹೆಸರು.

ತೊಡಕು ಇರುವುದು ಇಲ್ಲಿಯೇ. ನಮಗೆ ಎಲ್ಲ ಕರೆಯೂ ಒಂದೇ, ಫೋನಿಗೆ ಹಾಗಲ್ಲ. ಆಪತ್ತಿನ ಕರೆಗೆ ಬೇರೆ ನಿಯಮಗಳಿವೆ. ನಾವು ಹಣ ಕೊಡುವ ಕಂಪನಿಯ ಜಾಲ ಅಲ್ಲಿ ಸಿಕ್ಕದಿದ್ದರೆ ಬೇರೆ ಯಾವ ಕಂಪನಿಯ ಗೋಪುರವಾದರೂ ಆ ಕರೆಯನ್ನು ಸಾಗಿಸಬೇಕು. ಇದಕ್ಕಾಗಿ ಫೋನಿನೊಳಗೆ ಪ್ರತ್ಯೇಕವಾದ ಸೂಚನೆಗಳನ್ನು ಬರೆದಿಟ್ಟಿರುತ್ತಾರೆ. ಕೆಲವು ಫೋನುಗಳಲ್ಲಿ ಈ ಸೂಚನೆ ಹೇಗಿತ್ತೆಂದರೆ, ಸಾಮಾನ್ಯ ಮಾತೆಲ್ಲ ಮಹಡಿಯಿಂದ, ಆಪತ್ತಿನ ಮೊರೆ ಮಾತ್ರ ಕೆಳಗಿನ ಪಡಸಾಲೆಯಿಂದ. ಪಡಸಾಲೆ ಇರುವವರೆಗೆ ಇದು ಯಾರಿಗೂ ತಿಳಿಯುವುದಿಲ್ಲ. ಅದನ್ನು ಕೆಡವಿದ ಮರುದಿನವೂ ತಿಳಿಯುವುದಿಲ್ಲ. ಏಕೆಂದರೆ ದಿನದ ಮಾತುಕತೆ ಎಂದಿನಂತೆಯೇ ನಡೆದಿರುತ್ತದೆ. ತಿಳಿಯುವುದು ಆಪತ್ತು ಬಂದಾಗಲೇ.

ಆಸ್ಟ್ರೇಲಿಯದಲ್ಲಿ ಆಪತ್ತಿನ ಸಂಖ್ಯೆ 000. ಮೂರು ಸೊನ್ನೆಯ ಈ ಸಂಖ್ಯೆ 1961ರಿಂದ ಆ ದೇಶದವರಿಗೆ ಕಂಠಪಾಠ. ಅಲ್ಲಿಯ ಟೆಲ್‌ಸ್ಟ್ರಾ ಕಂಪನಿ ತನ್ನ 2ಜಿ ಜಾಲವನ್ನು 2016ರ ಡಿಸೆಂಬರಿನಲ್ಲೇ ನಿಲ್ಲಿಸಿತ್ತು. ಬಳಿಕ 3ಜಿಯ ಸರದಿ. ಆಕಾಶದ ತರಂಗಗಳು ಬೇಕಾದಷ್ಟು ಸಿಕ್ಕುವ ವಸ್ತುವಲ್ಲ; ಹಳೆಯ ಜಾಲ ಹಿಡಿದಿರುವ ತರಂಗಗಳನ್ನು ಬಿಡಿಸಿಕೊಂಡರೆ ಹೊಸದಕ್ಕೆ ಎಡೆಯಾಗುತ್ತದೆ. ಇದು ನ್ಯಾಯವಾದ ಕಾರಣವೇ. ಟೆಲ್‌ಸ್ಟ್ರಾ ಮೊದಲು 2024ರ ಜೂನ್ 30 ಎಂದು ದಿನ ಗೊತ್ತುಮಾಡಿತು. ಆಮೇಲೆ ಆಗಸ್ಟ್ 31 ಎಂದಿತು. ಕೊನೆಗೆ ಅಕ್ಟೋಬರ್ 28ರಂದು ಟೆಲ್‌ಸ್ಟ್ರಾ, ಆಪ್ಟಸ್ ಎರಡೂ 3ಜಿಯನ್ನು ಮುಚ್ಚತೊಡಗಿದವು. ವೊಡಾಫೋನ್ ಹೆಸರಿನ ಜಾಲವನ್ನು ನಡೆಸುವ ಟಿಪಿಜಿ ಕಂಪನಿ ಅದಕ್ಕೆ ಕೆಲವು ತಿಂಗಳು ಮೊದಲೇ ಈ ಕೆಲಸವನ್ನು ಮುಗಿಸಿತ್ತು. ದಿನವನ್ನು ಮುಂದೂಡಿದ್ದಕ್ಕೆ ಒಂದು ಮುಖ್ಯ ಕಾರಣ, ಮಾತಿಗೆ ಯೋಗ್ಯವಾಗಿದ್ದೂ 000ಕ್ಕೆ ಯೋಗ್ಯವಲ್ಲದ ಫೋನುಗಳು ಜನರ ಕೈಯಲ್ಲಿ ಇನ್ನೂ ಇದ್ದುದು.

ಸರಕಾರ ಆಗ ಕಟ್ಟುನಿಟ್ಟಾದ ನಿಯಮವೊಂದನ್ನು ತಂದಿತು. 000ಕ್ಕೆ ಕರೆ ಮಾಡಲಾರದ ಫೋನು ಯಾವುದೆಂದು ಕಂಪನಿಗಳೇ ಕಂಡುಹಿಡಿದು, ಅಂಥ ಫೋನಿಗೆ ಸೇವೆಯನ್ನೇ ಕೊಡಕೂಡದು ಎಂದು ಅದರ ತಾತ್ಪರ್ಯ. ಮೇಲುನೋಟಕ್ಕೆ ಇದು ಕ್ರೂರವೆಂದೇ ತೋರುತ್ತದೆ. ಅರ್ಧ ಕೆಲಸ ಮಾಡುವ ಫೋನನ್ನು ಪೂರ್ತಿ ಕೊಲ್ಲುವುದೆ? ವಯಸ್ಸಾದವರು, ಕೈಯಲ್ಲಿ ಕಾಸಿಲ್ಲದವರು, ಪಟ್ಟಣದಿಂದ ದೂರದಲ್ಲಿರುವವರು ಏನು ಮಾಡಬೇಕು? ಪ್ರಶ್ನೆ ಸರಿಯೇ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಿ. ಫೋನು ಸತ್ತಿದೆಯೆಂದು ತಿಳಿದವನು ನೆರೆಮನೆಗೆ ಓಡುತ್ತಾನೆ. ಬದುಕಿದೆಯೆಂದು ನಂಬಿದವನು ಮತ್ತೆ ಮತ್ತೆ ಅದೇ ಸಂಖ್ಯೆಯನ್ನು ಒತ್ತುತ್ತ ಕೂರುತ್ತಾನೆ. ಅಷ್ಟರಲ್ಲಿ ಅಮೂಲ್ಯವಾದ ಕೆಲವು ನಿಮಿಷಗಳು ಕಳೆದುಹೋಗಿರುತ್ತವೆ. ಇಲ್ಲದ ನೆರವಿಗಿಂತ ಹುಸಿ ಭರವಸೆ ಹೆಚ್ಚು ಅಪಾಯ. ಆದಕಾರಣ ಆ ನಿಯಮ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಹಳೆಯದನ್ನು ನಿಲ್ಲಿಸುವವರು ಇಲ್ಲದವರ ಕೈಗೆ ಹೊಸದೊಂದನ್ನು ಮುಟ್ಟಿಸುವ ಹೊಣೆಯನ್ನೂ ಹೊರಬೇಕು.

ಇಷ್ಟಾದರೂ ಕತೆ ಮುಗಿಯಲಿಲ್ಲ. 2025ರ ಅಕ್ಟೋಬರಿನಲ್ಲಿ ಹೊಸದೊಂದು ಲೋಪ ಬೆಳಕಿಗೆ ಬಂದಿತು. ಸ್ಯಾಮ್‌ಸಂಗ್ ಕಂಪನಿಯ ಕೆಲವು ಹಳೆಯ ಫೋನುಗಳು, ಬೇರೆರಡು ಕಂಪನಿಗಳ ಜಾಲ ಸಿಕ್ಕದೆ ವೊಡಾಫೋನ್ ಜಾಲವೊಂದೇ ಉಳಿದಾಗ, 000 ಕರೆಗಾಗಿ ಅದರ 3ಜಿಯನ್ನೇ ಹುಡುಕುತ್ತಿದ್ದವು. ಆ 3ಜಿಯೋ ಎಂದೋ ಮುಚ್ಚಿಹೋಗಿತ್ತು! ಒಟ್ಟು 71 ಮಾದರಿಗಳಲ್ಲಿ ಈ ದೋಷವಿತ್ತು. ಹೆಚ್ಚಿನವು ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿದರೆ ಸರಿಹೋಗುವಂಥವು. 11 ಮಾದರಿಗಳನ್ನು ಮಾತ್ರ ಬದಲಾಯಿಸದೆ ವಿಧಿಯಿರಲಿಲ್ಲ. ಮರುತಿಂಗಳು, ನವೆಂಬರಿನಲ್ಲಿ, ಸಿಡ್ನಿಯಲ್ಲಿ ಒಬ್ಬರು ಇಂಥ ಹಳೆಯ ತಂತ್ರಾಂಶದ ಫೋನಿನಿಂದ 000ಕ್ಕೆ ಕರೆ ಮಾಡಿದರು, ಕರೆ ಸಾಗಲಿಲ್ಲ, ಅವರು ತೀರಿಕೊಂಡರು. ಈ ಸುದ್ದಿಯನ್ನು ಟಿಪಿಜಿ ಕಂಪನಿಯೇ ಪ್ರಕಟಿಸಿತು. ಫೋನನ್ನು ಸರಿಪಡಿಸಿಕೊಳ್ಳಿರೆಂದು ಅವರಿಗೆ ಮುಂಚೆಯೇ ಸಂದೇಶ ಹೋಗಿತ್ತೆಂದೂ ಹೇಳಿತು. ಕರೆ ಸಾಗಿದ್ದರೆ ಜೀವ ಉಳಿಯುತ್ತಿತ್ತೆ ಎಂಬುದು ವೈದ್ಯರು ಹೇಳಬೇಕಾದ ಮಾತು. ಆದರೆ ದಿನಕ್ಕೆ ಹತ್ತಾರು ಸಂದೇಶಗಳು ಬಂದು ಬೀಳುವ ಫೋನಿನಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಸಂದೇಶವೂ ಸೀರೆಯ ಜಾಹೀರಾತಿನ ಪಕ್ಕದಲ್ಲೇ ಕೂತಿರುತ್ತದೆ ಎಂಬುದನ್ನು ನಾವು ನೆನಪಿಡಬೇಕು.

ಈಗ ನಮ್ಮ ನಾಡಿಗೆ ಬರೋಣ. ನಮ್ಮಲ್ಲಿ ಕೆಲವು ಕಂಪನಿಗಳು 3ಜಿಯನ್ನು ಮುಚ್ಚಿದ್ದರೂ 2ಜಿ ಇನ್ನೂ ಉಳಿದಿದೆ. ಅಜ್ಜನ ಬಟನ್ ಫೋನು ಇಂದಿಗೂ ನಡೆಯುತ್ತಿರುವುದು ಅದರ ದಯೆಯಿಂದ. 2016ರಲ್ಲಿ ಆರಂಭವಾದ ಜಿಯೊ ಮಾತ್ರ ಮೊದಲಿನಿಂದಲೂ ಪಡಸಾಲೆಯೇ ಇಲ್ಲದ ಮನೆ; ಅಲ್ಲಿ ಎಲ್ಲವೂ ಮಹಡಿಯ ಮೇಲೆಯೇ. ನಮ್ಮ ಆಪತ್ತಿನ ಸಂಖ್ಯೆ 112. ಪೊಲೀಸು, ಅಗ್ನಿಶಾಮಕ ದಳ, ಆಂಬುಲೆನ್ಸು ಮೂರಕ್ಕೂ ಇದೊಂದೇ. ಆಂಬುಲೆನ್ಸಿಗೆ 108 ಕೂಡ ಉಂಟು. ಆದುದರಿಂದ ಇಲ್ಲಿರುವವರು ಇಂದೇ ಗಾಬರಿಯಾಗಬೇಕಾದ್ದಿಲ್ಲ. ಆದರೆ ಇಲ್ಲಿ ಚೆನ್ನಾಗಿ ನಡೆದ ಫೋನು ಕೆಳಗಿನ ಜಾಲಗಳೇ ಇಲ್ಲದ ದೇಶಕ್ಕೆ ಹೋದಾಗ ನೆಚ್ಚಿದ ಎಮ್ಮೆ ಕೋಣ ಈದಂತೆ ಆಗಬಹುದು. ಬೇರೆ ದೇಶಗಳಲ್ಲಿ ಕೊಂಡ ಫೋನುಗಳ ವಿಷಯದಲ್ಲಿ ಆಸ್ಟ್ರೇಲಿಯದವರು ವಿಶೇಷವಾಗಿ ಎಚ್ಚರಿಸಿರುವುದು ಇದಕ್ಕಾಗಿಯೇ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಪರೀಕ್ಷೆಗೆಂದು ಆಪತ್ತಿನ ಸಂಖ್ಯೆಗೆ ಕರೆ ಮಾಡಬೇಡಿ. ಆ ಹೊತ್ತಿನಲ್ಲಿ ನಿಜವಾಗಿ ಸಾಯುತ್ತಿರುವವನ ಸರದಿಯನ್ನು ನೀವು ಕಿತ್ತುಕೊಂಡಂತಾಗುತ್ತದೆ. ಎರಡನೆಯದಾಗಿ, ತಂತ್ರಾಂಶವನ್ನು ಹೊಸದು ಮಾಡಿಕೊಳ್ಳಿರೆಂದು ಫೋನು ಕೇಳಿದಾಗ ‘ನಾಳೆ’ ಎಂದು ತಳ್ಳಬೇಡಿ. ಮೂರನೆಯದಾಗಿ, ಫೋನಿನ ಸೆಟ್ಟಿಂಗಿನಲ್ಲಿ ವೋಎಲ್‌ಟಿಇ ಇದೆಯೆ, ಇದ್ದರೆ ತೆರೆದಿದೆಯೆ ಎಂದು ನೋಡಿ. ಇಷ್ಟರಿಂದಲೇ ಆಪತ್ತಿನ ಕರೆ ಸಾಗುವುದೆಂದು ನಿಶ್ಚಯಿಸುವಂತಿಲ್ಲ. ಆದರೆ ಅದೇ ಇಲ್ಲದಿದ್ದರೆ ಸಂದೇಹಪಡಲು ಕಾರಣ ಸಿಕ್ಕಿತೆಂದು ತಿಳಿಯಿರಿ. ನಾಲ್ಕನೆಯದಾಗಿ, ಹೊರದೇಶಕ್ಕೆ ಹೊರಡುವ ಮುನ್ನ ಫೋನಿನಲ್ಲಿ ನಕ್ಷತ್ರ, ಹ್ಯಾಷ್, 0, 6, ಹ್ಯಾಷ್ ಒತ್ತಿದರೆ ಕಾಣುವ 15 ಅಂಕಿಗಳನ್ನೂ ಫೋನಿನ ಮಾದರಿಯ ಹೆಸರನ್ನೂ ಬರೆದು ಮಗನಿಗೋ ಮಗಳಿಗೋ ಕಳಿಸಿ. ಈ ಫೋನಿನಿಂದ ನಿಮ್ಮಲ್ಲಿ 000 ಕರೆ ಸಾಗುವುದೆ ಎಂದು ಅವರು ಅಲ್ಲಿಯ ಕಂಪನಿಯನ್ನು ಕೇಳಿ ತಿಳಿಯಲಿ. ಇಲ್ಲವೆಂದರೆ ಅಲ್ಲಿಗೆ ಹೋದೊಡನೆ ಒಂದು ಸಾಧಾರಣ ಫೋನನ್ನು ಅಲ್ಲಿಯೇ ಕೊಳ್ಳುವುದು ಮೇಲು.

ಕೊನೆಯ ಮಾತೊಂದಿದೆ. ಹಿರಿಯರು ಈ ಕೆಲಸಗಳನ್ನು ತಾವೇ ಮಾಡಿಕೊಳ್ಳಲಿ ಎಂದು ಮನೆಯ ಹುಡುಗರು ಸುಮ್ಮನಿರಬಾರದು. ಕಣ್ಣು ಮಂಜಾದವರಿಗೆ ಆ ಸಣ್ಣ ಅಕ್ಷರಗಳು ಕಾಣುವುದಿಲ್ಲ, ಕಂಡರೂ ಅರ್ಥವಾಗುವುದಿಲ್ಲ, ಕೇಳಲು ಸಂಕೋಚ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಹೊರಟವನ ಪಾಡು ನಮ್ಮದಾಗುವುದು ಬೇಡ. ಈ ಭಾನುವಾರ ಊಟವಾದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಮನೆಯಲ್ಲಿರುವ ಎಲ್ಲರ ಫೋನನ್ನೂ ಒಮ್ಮೆ ತೆಗೆದು ನೋಡಿರಿ.