ಹಳೆಯ ತೂಗುದೀಪ: ಅಸಲು ಯಾವುದು, ನಕಲು ಯಾವುದು?

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಹಳೆಯ ಮನೆಯನ್ನು ಕೆಡವುವಾಗ ಬಾಗಿಲಿಗೂ ಕಂಬಕ್ಕೂ ಬೆಲೆ ಕಟ್ಟುವ ನಾವು, ತೊಲೆಯಿಂದ ಇಳಿಸಿದ ದೀಪವನ್ನು ಮಾತ್ರ ತೂಕಕ್ಕೆ ಹಾಕಿ ಕೊಟ್ಟುಬಿಡುತ್ತೇವೆ. ಮಾರೇನಹಳ್ಳಿಯ ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಅಜ್ಜಿಯ ಕಾಲದ ಹಿತ್ತಾಳೆಯ ತೂಗುದೀಪಕ್ಕೆ ಬೇಕಲೈಟಿನ ಹೋಲ್ಡರು ಇದ್ದುದನ್ನು ಕಂಡು, ಇದು ಈಚಿನದೆಂದು ಬಗೆದು ಗುಜರಿಗೆ ಕೊಟ್ಟೆವು. ಬತ್ತಿ ಏರಿಸುವ ತಿರುಗಣೆ ಅದರಲ್ಲಿ ಇನ್ನೂ ಉಳಿದಿತ್ತೆಂಬುದು ದೀಪ ಕೈಬಿಟ್ಟ ಮೇಲೆ ನೆನಪಿಗೆ ಬಂದಿತು. ಕೆಲವು ವರ್ಷಗಳ ತರುವಾಯ, ಆ ಕೊರಗಿಗೋ ಏನೋ, ಕಪ್ಪುಗಟ್ಟಿದ ದೀಪವೊಂದನ್ನು ಹಳೆಯದೆಂದು ನಂಬಿ ಹೆಚ್ಚು ಹಣ ತೆತ್ತು ತಂದೆವು. ಅದು ಹೊಸದು! ಈ ಎರಡು ತಪ್ಪುಗಳಿಂದ ಕಲಿತುದನ್ನೇ ತಮ್ಮ ಮುಂದಿಡುತ್ತಿದ್ದೇವೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದುದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರು ನಗರಕ್ಕೆ ಬಂದುದು 1905ರ ಆಗಸ್ಟಿನಲ್ಲಿ. ಆದುದರಿಂದ ‘1880ರ ಬೆಂಗಳೂರು ಮನೆಯ ವಿದ್ಯುದ್ದೀಪ’ ಎಂದು ಯಾರಾದರೂ ಮಾರಬಂದರೆ ಆ ಮಾತನ್ನು ಒಪ್ಪಲಾಗದು. ಆದರೆ ಆ ಕಾಲದ ಸೀಮೆಎಣ್ಣೆ ದೀಪಕ್ಕೆ ಮುಂದೆ ತೂತು ಕೊರೆದು ತಂತಿ ಎಳೆದಿರಬಹುದು. ಹೋಲ್ಡರು, ತಂತಿಗಳು ದೀಪದ ಅಂಗಿಯಿದ್ದಂತೆ. ಅಂಗಿಯ ವಯಸ್ಸು ಮೈಯ ವಯಸ್ಸಲ್ಲ. ಎಣ್ಣೆಯ ಬಟ್ಟಲಿನ ತಳದಲ್ಲಿ ಕೊರೆದ ರಂಧ್ರವಿದ್ದು, ಅದರ ಅಂಚು ಒರಟಾಗಿದ್ದರೆ, ನಮ್ಮ ಅಜ್ಜಿಯ ದೀಪದ ಸಂತತಿ ಅದೆಂದು ಶಂಕಿಸಬಹುದು.

ಮೈಬಣ್ಣಕ್ಕೆ ಮರುಳಾಗಬಾರದು. ರಾಸಾಯನಿಕ ಬಳಿದು ಹಿತ್ತಾಳೆಯನ್ನು ಒಂದೇ ದಿನದಲ್ಲಿ ಕಪ್ಪಾಗಿಸಬಹುದು. ಅಂಥ ಕಪ್ಪು ಎಲ್ಲೆಡೆಯೂ ಒಂದೇ ಸಮನಾಗಿರುತ್ತದೆ. ವರ್ಷಗಟ್ಟಲೆ ಹುಣಸೆಹಣ್ಣಿನಿಂದ ಉಜ್ಜಿದ ದೀಪದಲ್ಲಾದರೋ ಉಬ್ಬಿದ ಹೂಬಳ್ಳಿ ಸವೆದು ನುಣುಪಾಗಿರುತ್ತದೆ, ಕೈಯಾಡದ ಸಂದುಗಳಲ್ಲಿ ಕಿಲುಬು ನಿಂತಿರುತ್ತದೆ. ಸರಪಳಿಯ ಕೊಂಡಿಗಳನ್ನು ಬಿಡಿಸಿ ನೋಡಬೇಕು. ತೂಗಿ ತೂಗಿ ಒಂದಕ್ಕೊಂದು ತಾಗುವ ಜಾಗದಲ್ಲಿಯೇ ಅವು ತೆಳ್ಳಗಾಗಿರಬೇಕು. ನಾವು ಕೊಂಡ ದೀಪದ ಹೊರಮೈಯೆಲ್ಲ ಗೀರುಗಳಿದ್ದವು; ಕೊಂಡಿಗಳು ಮಾತ್ರ ನಿನ್ನೆ ಮಾಡಿದಂತೆ ದುಂಡಗಿದ್ದವು. ತಲೆಯ ಮೇಲೆ ಕೂಡುಗುರುತಿನ ಗಾಡಿಯಿರುವ ತಿರುಪುಗಳು ಬಳಕೆಗೆ ಬಂದುದು 1930ರ ದಶಕದಲ್ಲಿ. ಒಂದು ತಿರುಪು ಅಂಥದಿದ್ದರೆ ದುರಸ್ತಿಯೆನ್ನಬಹುದು. ನಮ್ಮದರಲ್ಲಿ ಎಲ್ಲವೂ ಅಂಥವೇ! ಕೊಳ್ಳುವ ಮುನ್ನ ಒಮ್ಮೆ ತಲೆಕೆಳಗು ಮಾಡಿ ನೋಡಿದ್ದರೆ ಸಾಕಿತ್ತು.

ಗಾಜಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಒಳಗೆ ಗುಳ್ಳೆಗಳಿದ್ದರೆ ಹಳೆಯದೆಂಬ ಮಾತು ಪೂರ್ತಿ ನಿಜವಲ್ಲ. ಫಿರೋಜಾಬಾದಿನಲ್ಲಿ ಇಂದಿಗೂ ಬಾಯಿಂದ ಊದಿ ಗಾಜು ಮಾಡುತ್ತಾರೆ. ಗಾಜಿನ ಮೇಲೆ ಚೆಕೊಸ್ಲೊವಾಕಿಯಾ ಎಂಬ ಮುದ್ರೆಯಿದ್ದರೆ ಅದು 1918ಕ್ಕೆ ಹಿಂದಿನದಲ್ಲ, ಏಕೆಂದರೆ ಆ ದೇಶ ಹುಟ್ಟಿದ್ದೇ ಆ ವರ್ಷ. ಮುರಾದಾಬಾದಿನ ಹೊಸ ಹಿತ್ತಾಳೆ ಕೆಲಸವನ್ನು ನಾವು ಹಳಿಯುತ್ತಿಲ್ಲ. ಅಲ್ಲಿನ ಕುಶಲಕರ್ಮಿಗಳ ಕೈ ಚೊಕ್ಕಟವಾದುದು. ಹೊಸದನ್ನು ಹಳೆಯದೆಂದು ಮಾರುವುದಷ್ಟೇ ಮೋಸ.

ಹಳೆಯ ದೀಪ ದೊರೆತವರು ಅದನ್ನು ಕೂಡಲೇ ಥಳಥಳಿಸುವಂತೆ ಉಜ್ಜಬೇಡಿ, ಗುರುತುಗಳೆಲ್ಲ ಅಳಿದುಹೋಗುತ್ತವೆ. ಆದರೆ ಬಟ್ಟೆ ಸುತ್ತಿದ ಹಳೆಯ ತಂತಿಯೊಳಗಿನ ರಬ್ಬರು ಒಣಗಿ ಪುಡಿಯಾಗಿರುತ್ತದೆ. ಪ್ರಾಣಾಪಾಯವಿರುವುದರಿಂದ ಬಲ್ಲವರಿಂದ ಹೊಸ ತಂತಿ ಹಾಕಿಸಿ, ತೆಗೆದ ಭಾಗಗಳನ್ನು ಒಂದು ಚೀಲದಲ್ಲಿ ಕಟ್ಟಿಡಿ. ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಆಸೆಯಿದ್ದವರು ಒಂದು ಮಾತು ನೆನಪಿಡಬೇಕು: 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂತಹ ಕರಕುಶಲ ವಸ್ತುವನ್ನು ಖಾಸಗಿಯವರು ತಾವಾಗಿ ದೇಶದಾಚೆಗೆ ಸಾಗಿಸುವಂತಿಲ್ಲ.

ನಾವು ಮೋಸಹೋದ ದೀಪವನ್ನು ಇಲ್ಲಿಯೇ ಮೇಜಿನ ಮೇಲಿಟ್ಟಿದ್ದೇವೆ. ಪಕ್ಕದಲ್ಲಿರುವುದು ನೆರೆಮನೆಯವರು ದಯವಿಟ್ಟು ಕೊಟ್ಟಿರುವ ನಿಜವಾದ ಹಳೆಯ ದೀಪ. ಊಟದ ಬಳಿಕ ಎರಡರ ಕೊಂಡಿಗಳನ್ನೂ ಮುಟ್ಟಿ ನೋಡಬಹುದು. ಗಾಜನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ.